ಕುದುರೆಗೆ ದಾರಿ ಬಿಟ್ಟವರು

1998, ದೀಪಾವಳಿ ಮುಗಿದ ಮೇಲಿನ ಸೋಮವಾರ. ಬೆಳಗ್ಗೆ ಆರು ಗಂಟೆ. ಸ್ಥಳ, ಮಾಚೇನಹಳ್ಳಿಯ ಹಿಂಬದಿಯಲ್ಲಿದ್ದ ನಮ್ಮ ಸವಾರಿ ಶಾಲೆಯ ಅಂಗಳ. ಹಾಜರಿದ್ದವರು: ತಮ್ಮ ಜೀಪಿನಲ್ಲಿ ಕೂತಿದ್ದ ಶಾಲೆಯ ಮಾಲೀಕರಾದ ಶಿವಲಿಂಗಪ್ಪನವರು, ನಮ್ಮಲ್ಲಿ ಸವಾರಿ ಕಲಿಯುತ್ತಿದ್ದ ಹೈಸ್ಕೂಲಿನ ವ್ಯಾಯಾಮ ಶಿಕ್ಷಕಿ ವಿದ್ಯಾನಗರದ ಗಿರಿಜಾ ಮೇಡಂ, ಸೈನ್ಯದಲ್ಲಿ ದಫೇದಾರನಾಗಿದ್ದು ಈಗ ಸವಾರಿ ಶಿಕ್ಷಕನಾದ ನಾನು, ಸರದಾರ ಎಂಬ ವಯಸ್ಸಾದ ಕೆಂಪು ಕುದುರೆ, ಮತ್ತು ಕಾಡಿಗೆ ಎಂಬ ಕಪ್ಪು ಹೆಣ್ಣು ಕುದುರೆ. ಆ ದಿನ ತೀರ್ಮಾನವಾಗಬೇಕಿದ್ದದ್ದು ಕಾಡಿಗೆಯ ವಿಚಾರ.

ಶಿವಲಿಂಗಪ್ಪನವರು ಜೀಪಿನಿಂದ ಇಳಿಯಲಿಲ್ಲ. ಕಿಟಕಿಯಿಂದಲೇ ಹೇಳಿದರು: "ದಫೇದಾರ್ರೆ, ಭದ್ರಾವತಿ ನ್ಯೂ ಟೌನ್‌ವರೆಗೂ ಹೋಗಿ ಬರ್ಬೇಕು. ಕಾಡಿಗೆ ಮೇಲೆ ಮೇಡಂ ಕೂತಿರ್ಬೇಕು, ನೀವಲ್ಲ. ಉಸ್ತಾದ್ ಒಬ್ಬರೇ ಹತ್ತೋ ಕುದುರೆ ಸ್ಕೂಲಿಗೆ ಯಾಕೆ? ರಸ್ತೆಗೆ ಅಡ್ಡ ಹಾರಿದ್ಳೋ, ನಾಳೆ ಜಟಕಾದವನು ಹಗ್ಗ ಹಿಡ್ಕೊಂಡು ಬರ್ತಾನೆ."

ಜಟಕಾದವನು ಹಿಂದಿನ ವಾರವೇ ಬಂದು ನೋಡಿಹೋಗಿದ್ದ. ಕಾಡಿಗೆಯ ಕಾಲು ಮುಟ್ಟಿ ನೋಡಿ, ಹಲ್ಲು ನೋಡಿ, "ಗಾಡಿಗಳಿಗೆ ಹೆದರ್ತಾಳಾ? ಕಣ್ಣಪಟ್ಟಿ ಕಟ್ಟಿ ನಾಲ್ಕು ಬಿಟ್ರೆ ಎಲ್ಲಾ ಕಲೀತಾಳೆ ಸ್ವಾಮಿ" ಎಂದಿದ್ದ. ಅವನು ಕೆಟ್ಟವನೇನಲ್ಲ, ಅವನ ಕೆಲಸದ ರೀತಿ ಅದು. ಆದರೆ ಅನಿರೀಕ್ಷಿತ ಸದ್ದಿಗೆ ಬೆಚ್ಚುವ ಕುದುರೆ ಮಾರ್ಕೆಟ್ಟಿನ ನಡುವೆ ಗಾಡಿಗೆ ಕಟ್ಟಿಸಿಕೊಂಡು ಎಷ್ಟು ಕಾಲ ಬಾಳೀತು ಎಂಬುದು ನನಗೆ ಗೊತ್ತಿತ್ತು. ಮೇಡಂಗೂ ಗೊತ್ತಿತ್ತು. ಅವರು ಜೀನಿನ ಪಟ್ಟಿಯನ್ನು ಇನ್ನೊಮ್ಮೆ ಎಳೆದು ಬಿಗಿ ಮಾಡಿದರು.

ಹೊರಟದ್ದನ್ನು ಹೇಳುವ ಮೊದಲು ಈ ಕೆಲಸಕ್ಕೆ ಹೊಸದಾಗಿ ಬರುವವರು ತಿಳಿಯಬೇಕಾದ ನಾಲ್ಕು ಮಾತು ಹೇಳಿಬಿಡುತ್ತೇನೆ. ಸವಾರಿ ಕಲಿಸುವುದು ಎಂದರೆ ಮೈದಾನದಲ್ಲಿ ಸುತ್ತು ಹಾಕಿಸುವುದು ಎಂದುಕೊಂಡು ಬರುತ್ತೀರಿ. ಮೈದಾನ ಸುಲಭ. ಕಷ್ಟವಿರುವುದು ರಸ್ತೆಯಲ್ಲಿ. ನಮ್ಮ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರು, ಅಡಿಕೆ ಮೂಟೆಯ ಲಾರಿ, ಮರದ ದಿಮ್ಮಿಯ ಲಾರಿ, ಕಾರ್ಖಾನೆಗಳ ಶಿಫ್ಟ್ ಬಸ್ಸು ಎಲ್ಲವೂ ಓಡುತ್ತಿದ್ದವು. ಇವುಗಳ ನಡುವೆ ಕುದುರೆಯನ್ನು ಸಾವಧಾನವಾಗಿ ನಡೆಸಿಕೊಂಡು ಹೋಗಿ ಬರುವುದೇ ನನ್ನ ನಿಜವಾದ ಕೆಲಸವಾಗಿತ್ತು. ಮತ್ತು ಅದರಲ್ಲಿ ಅರ್ಧ ಕೆಲಸ ಮಾಡಿದವರು ಡ್ರೈವರುಗಳು.

ಡ್ರೈವರುಗಳನ್ನು ಬೈಯುವುದು ಸುಲಭ. ನನಗೆ ಸಿಕ್ಕವರಲ್ಲಿ ಹೆಚ್ಚಿನವರು ಒಳ್ಳೆಯವರು. ಒಬ್ಬ ಟ್ರ್ಯಾಕ್ಟರಿನವನು ಟೇಪ್ ರೆಕಾರ್ಡರನ್ನು ಊರಿಗೆಲ್ಲ ಕೇಳುವಂತೆ ಹಾಕಿಕೊಂಡು ಬರುತ್ತಿದ್ದ. ನಮ್ಮನ್ನು ಕಂಡೊಡನೆ ಹಾಡನ್ನು ಪೂರ್ತಿ ಇಳಿಸಿ, ದಾಟಿದ ಮೇಲೆ ಬಿಟ್ಟ ಸಾಲಿನಿಂದ ತಾನೇ ಹಾಡಿಕೊಂಡು ಹೋಗುತ್ತಿದ್ದ. ಮೊಪೆಡ್ಡಿನ ಮೇಲೆ ಹಾಲಿನ ಕ್ಯಾನು ಕಟ್ಟಿಕೊಂಡು ಬರುವವರೊಬ್ಬರು ಕ್ಯಾನುಗಳು ಒಂದಕ್ಕೊಂದು ಬಡಿಯದಂತೆ ನಡುವೆ ಗೋಣಿ ತುರುಕಿಕೊಂಡರು. ನಾನು ಕೇಳಿರಲಿಲ್ಲ. "ನಿಮ್ ಕುದುರೆ ಕಿವಿ ನೋಡ್ದೆ ಸಾರ್, ಆ ಸದ್ದು ಅದಕ್ಕೆ ಸೇರಲ್ಲ" ಎಂದರು.

ನನ್ನ ಕಡೆಯಿಂದಲೂ ಎಡವಟ್ಟುಗಳಾದವು. ಸೈನ್ಯದ ಕುದುರೆ ದಳದಲ್ಲಿದ್ದಾಗ ಕಲಿತಂತೆ, ಎದುರು ಗಾಡಿ ನಿಧಾನವಾಗಲಿ ಎಂದು ತೋಳನ್ನು ನೇರ ಮೇಲೆತ್ತುತ್ತಿದ್ದೆ. ಖಾಕಿ ಪ್ಯಾಂಟು, ಹುರಿಮೀಸೆ, ಎತ್ತಿದ ಕೈ. ಮೊದಲ ತಿಂಗಳು ಲಾರಿಗಳೆಲ್ಲ ಗಕ್ಕನೆ ನಿಂತು, ಡ್ರೈವರುಗಳು ಕಾಗದ ಪತ್ರ ಹಿಡಿದು ಇಳಿದು ಬರುತ್ತಿದ್ದರು. ಬಸಣ್ಣ ಎಂಬ ಲಾರಿಯವನು, ಭದ್ರಾವತಿಯ ಕಡೆಗೆ ನೀಲಗಿರಿ ದಿಮ್ಮಿ ಸಾಗಿಸುವವನು, ಎರಡನೆಯ ಸಲವೂ ಹಾಗೆ ಇಳಿದು ಬಂದು ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ನೀವು ಪೊಲೀಸ್ ಅಲ್ಲ?"

"ಅಲ್ಲ."

"ಆರ್‌ಟಿಓ?"

"ಅಲ್ಲಪ್ಪ. ಕುದುರೆ ಸವಾರಿ ಕಲಿಸ್ತೀನಿ."

"ಅಯ್ಯೋ ನಿಮ್ಮ! ಮತ್ಯಾಕೆ ಸಾರ್ ಕೈ ಎತ್ತಿ ನಮ್ ಜೀವ ತೆಗೀತೀರ? ನಮ್ ಲೈನಲ್ಲಿ ನಿಧಾನ ಅಂದ್ರೆ ಹೀಗೆ" ಎಂದು ಅಂಗೈ ಕೆಳಗೆ ಮಾಡಿ, ಮಲಗಿದ ಮಗುವಿಗೆ ತಟ್ಟುವಂತೆ ಗಾಳಿಯಲ್ಲಿ ತಟ್ಟಿ ತೋರಿಸಿದ. ಅಂದಿನಿಂದ ನಾನೂ ಹಾಗೇ ತಟ್ಟತೊಡಗಿದೆ. ನಿವೃತ್ತನಾಗುವವರೆಗೂ ಅದೇ ಸನ್ನೆ. ರಸ್ತೆಯಲ್ಲಿ ರಸ್ತೆಯವರ ಭಾಷೆಯೇ ನಡೆಯುತ್ತದೆ. ರೆಜಿಮೆಂಟಿನ ಭಾಷೆ ಅಲ್ಲ.

ಇದೇ ಬಸಣ್ಣ ಒಂದು ದಿನ ಶಾಲೆಗೆ ಬಂದು ಸರದಾರನ ಹಳೆಯ ಲಾಳವೊಂದನ್ನು ಕೇಳಿ ಪಡೆದು ಲಾರಿಯ ಮುಂದೆ ತೂಗುಹಾಕಿಕೊಂಡ. ಆಮೇಲೆ ಡ್ರೈವರುಗಳೆಲ್ಲ ಕೇಳತೊಡಗಿದರು. ನಮ್ಮ ಕುದುರೆಗಳಿಗೆ ಲಾಳ ಕಟ್ಟುತ್ತಿದ್ದವರು ಮೆಹಬೂಬ್ ಸಾಬರು. ಅವರು ಕಿತ್ತ ಲಾಳಗಳನ್ನು ಮೊದಲು ಗುಜರಿಗೆ ಹಾಕುತ್ತಿದ್ದೆವು. ನಾನು ಪದ್ಧತಿ ಬದಲಿಸಿದೆ: ಕುದುರೆಯ ಪಕ್ಕ ನಿಧಾನವಾಗಿ ಹೋಗುವ ಡ್ರೈವರಿಗೆ ಒಂದು ಲಾಳ. ಇದರಿಂದ ಇನ್ನೊಂದು ಲಾಭವಾಯಿತು. ದೂರದಲ್ಲಿ ಬರುವ ಗಾಡಿಯ ಮುಂದೆ ಲಾಳ ತೂಗಾಡುತ್ತಿದ್ದರೆ, ಬರುತ್ತಿರುವವನು ನಮ್ಮವನು ಎಂದು ತಿಳಿಯುತ್ತಿತ್ತು. ಲಗಾಮು ಸ್ವಲ್ಪ ಸಡಿಲ ಬಿಡಬಹುದಿತ್ತು.

ಆದರೆ ಅವರಿಗೆಲ್ಲ ಬೇಕಿದ್ದದ್ದು ಕಪ್ಪು ಕುದುರೆಯ ಲಾಳ. "ಕೆಂಪು ಕುದುರೆ ಲಾಳಕ್ಕೆ ಶನಿ ಹೆದರಲ್ಲ ಸಾರ್" ಎಂದು ಬಸಣ್ಣ ಪ್ರತಿ ಸಲವೂ ಕಾಡಿಗೆಯ ಕಾಲುಗಳನ್ನೇ ನೋಡುತ್ತಿದ್ದ. "ಅವಳ ಲಾಳ ಇನ್ನೂ ಸವೆದಿಲ್ಲ ಮಾರಾಯ, ಕಿತ್ತು ಕೊಡ್ಲಾ?" ಎಂದು ನಾನು ಗದರಿಸುತ್ತಿದ್ದೆ.

ಈಗ ಪಳನಿಯ ವಿಷಯ. ಪಳನಿ ಭದ್ರಾವತಿಯವನು, ಮನೆಯಲ್ಲಿ ತಮಿಳು, ಬಾಯಲ್ಲಿ ಕನ್ನಡ. ಕಾರ್ಖಾನೆಯ ಕಾಂಟ್ರ್ಯಾಕ್ಟ್ ಬಸ್ಸಿನ ಡ್ರೈವರು. ರಾತ್ರಿ ಪಾಳಿ ಮುಗಿಸಿದ ಕೆಲಸಗಾರರನ್ನು ಬೆಳಗ್ಗೆ ಭದ್ರಾವತಿಯಿಂದ ಶಿವಮೊಗ್ಗಕ್ಕೆ ಕರೆತರುವುದು ಅವನ ಮೊದಲ ಟ್ರಿಪ್ಪು. ನಾನು ಗಡಿಯಾರದ ಮನುಷ್ಯ, ಅವನೂ ಅಷ್ಟೇ. ಆದ್ದರಿಂದ ದಿನವೂ ಒಂದೇ ಹುಣಸೆಮರದ ಬಳಿ ಎದುರಾಗುತ್ತಿದ್ದೆವು. ನಮ್ಮನ್ನು ಕಂಡರೆ ಸಾಕು, ಪಳನಿ ಬಸ್ಸನ್ನು ಪೂರ್ತಿ ಪಕ್ಕಕ್ಕೆ ತೆಗೆದು ನಿಲ್ಲಿಸಿ, ನಾವು ದಾಟುವವರೆಗೂ ಕಾಯುತ್ತಿದ್ದ. ಅಷ್ಟು ಮರ್ಯಾದೆ ನನಗೆ ರೆಜಿಮೆಂಟಿನಲ್ಲೂ ಸಿಕ್ಕಿರಲಿಲ್ಲ. ಒಳಗಿನವರು ನಿದ್ದೆಗೆಟ್ಟವರು, "ಪಳನಿ, ಕುದುರೆಗೆ ಸಲಾಮ್ ಹೊಡ್ದಾಯ್ತಾ? ಹೊರಡು ಮಾರಾಯ, ಮನೆ ಸೇರೋಣ" ಎಂದು ಕೂಗುತ್ತಿದ್ದರು. ಅವನು ಕದಲುತ್ತಿರಲಿಲ್ಲ.

ಆ ದಿನಗಳಲ್ಲೇ ಕಾಡಿಗೆ ನಮ್ಮ ಶಾಲೆಗೆ ಹೊಸದಾಗಿ ಬಂದಳು. ಎಲ್ಲ ಗಾಡಿಗಳನ್ನೂ ಅಷ್ಟಿಷ್ಟು ಸಹಿಸಿಕೊಂಡಳು. ಪಳನಿಯ ಬಸ್ಸನ್ನು ಮಾತ್ರ ಸಹಿಸಲಿಲ್ಲ. ಅವನು ನಿಲ್ಲಿಸಿದ ಕೂಡಲೇ ಇವಳು ಎರಡು ಕಾಲ ಮೇಲೆ ನಿಲ್ಲುವಳು, ಇಲ್ಲವೇ ಗದ್ದೆಗೆ ಹಾರುವಳು. ಒಂದು ಬೆಳಗ್ಗೆ ಗಿರಿಜಾ ಮೇಡಂ ಸಮೇತ ರಸ್ತೆಗೆ ಅಡ್ಡ ಹಾರಿದಳು. ಹಿಂದೆ ಬರುತ್ತಿದ್ದ ಕಾರಿನವರು ಹೇಗೋ ತಪ್ಪಿಸಿಕೊಂಡರು. ಕಾರಿನಲ್ಲಿದ್ದವರು ಶಿವಲಿಂಗಪ್ಪನವರ ಬೀಗರು. ವಿಷಯ ಮಧ್ಯಾಹ್ನದೊಳಗೆ ಮಾಲೀಕರ ಮನೆ ಮುಟ್ಟಿತು. ಜಟಕಾದವನ ಮಾತು ಶುರುವಾದದ್ದು ಅಂದಿನಿಂದ.

ಪಳನಿಗೆ ಬಹಳ ನೋವಾಯಿತು. "ಏನ್ ಸಾರ್ ಇದು? ಹಾರನ್ ಹೊಡ್ಕೊಂಡು ಹೋಗೋರ್ನೆಲ್ಲ ಬಿಟ್ಬಿಡ್ತಾಳೆ. ನಾನು ಇಷ್ಟು ಮರ್ಯಾದೆ ಕೊಡ್ತೀನಿ, ನನ್ ಮೇಲೇ ಕೋಪ! ನಾನೇನ್ ಮಾಡ್ದೆ ಅವಳಿಗೆ?"

ಮೇಡಂ ಬಸ್ಸಿನ ಹಳದಿ ಬಣ್ಣ ಕಾರಣವಿರಬಹುದು ಎಂದರು. ಮೆಹಬೂಬ್ ಸಾಬರು ಬಸ್ಸಿನ ಮುಂದಿನ ನಿಂಬೆಹಣ್ಣು ಮೆಣಸಿನಕಾಯಿ ಸರದ ಮೇಲೆ ಅನುಮಾನಪಟ್ಟರು. ಪಳನಿ ಪಾಪ, ಸರವನ್ನು ಬಿಚ್ಚಿ ಒಳಗಿಟ್ಟುಕೊಂಡ. ಉಪಯೋಗವಾಗಲಿಲ್ಲ.

ಹಳೆಯ ಪದ್ಧತಿ ನನಗೆ ಗೊತ್ತಿತ್ತು. ಹೆದರುವ ಕುದುರೆಯನ್ನು ಕಂಬಕ್ಕೆ ಬಿಗಿದು, ಅದು ಹೆದರುವ ಸದ್ದನ್ನೇ ಪಕ್ಕದಲ್ಲಿ ಮಾಡುತ್ತಿರುವುದು, ಸುಸ್ತಾಗಿ ಸುಮ್ಮನಾಗುವವರೆಗೆ. ನನ್ನ ಹಿರಿಯ ಉಸ್ತಾದರು ಹಾಗೆ ಮಾಡುತ್ತಿದ್ದರು. ಕುದುರೆ ಸುಮ್ಮನಾಗುತ್ತಿತ್ತು, ನಿಜ. ಆದರೆ ಸುಮ್ಮನಾಗುವುದಕ್ಕೂ ಧೈರ್ಯ ಬರುವುದಕ್ಕೂ ವ್ಯತ್ಯಾಸವಿದೆ. ಸುಮ್ಮನಾದ ಕುದುರೆ ಎಂದಾದರೂ ಒಂದು ದಿನ ಸವಾರನ ಪ್ರಾಣಕ್ಕೆ ಬರುತ್ತದೆ. ನಾನು ಆ ದಾರಿ ಹಿಡಿಯಲಿಲ್ಲ. ಮೊದಲು ಭಯ ಯಾವುದರದು ಎಂದು ತಿಳಿಯಬೇಕು, ಅಷ್ಟೆ.

ತಿಳಿಸಿಕೊಟ್ಟದ್ದು ಒಂದು ಅವಘಡ. ಒಂದು ಬೆಳಗ್ಗೆ ಪಳನಿಯ ಬಸ್ಸು ಹುಣಸೆಮರದ ಬಳಿ ನಿಲ್ಲಲೇ ಇಲ್ಲ. ಒಂದೇ ಸಮನಾದ ವೇಗದಲ್ಲಿ ನಮ್ಮ ಪಕ್ಕದಲ್ಲೇ ಹೋಗಿಬಿಟ್ಟಿತು. ನಾನು ಮೇಡಂಗೆ "ಗಟ್ಟಿ ಕೂತ್ಕೊಳ್ಳಿ" ಎಂದು ಕೂಗುವಷ್ಟರಲ್ಲಿ ಬಸ್ಸು ದಾಟಿಯಾಗಿತ್ತು. ಕಾಡಿಗೆ ಒಂದು ಕಿವಿ ಆ ಕಡೆ ತಿರುಗಿಸಿ, ಮತ್ತೆ ಮುಂದೆ ತಿರುಗಿಸಿ, ನಡೆದಳು.

ಮರುದಿನ ಪಳನಿ ಬಸ್ಸು ನಿಲ್ಲಿಸಿ ಕಿಟಕಿಯಿಂದ ಕೈ ಮುಗಿದ. "ಕ್ಷಮಿಸಿ ಸಾರ್, ನೆನ್ನೆ ಒಬ್ಬರಿಗೆ ಎದೆ ನೋವು ಅಂದ್ರು, ಆಸ್ಪತ್ರೆಗೆ..." ಎನ್ನುವಷ್ಟರಲ್ಲಿ ಬಸ್ಸಿನ ಅಡಿಯಿಂದ ಏರ್ ಬ್ರೇಕಿನ ಗಾಳಿ "ಪುಸ್ಸ್" ಎಂದಿತು. ಕಾಡಿಗೆ ಗದ್ದೆಯಲ್ಲಿದ್ದಳು.

ನಾನು ಸರದಾರನ ಮೇಲಿಂದಲೇ ನಗತೊಡಗಿದೆ. ಪಳನಿ ಗಾಬರಿಯಾದ.

"ಪಳನಿ, ನಿನ್ನ ಮೇಲೆ ಅವಳಿಗೆ ಕೋಪ ಇಲ್ಲಪ್ಪ. ನೀನು ನಿಲ್ಲಿಸ್ತೀಯಲ್ಲ, ಅದೇ ತೊಂದರೆ. ನಿಲ್ಲಿಸಿದಾಗ ಆ ಗಾಳಿ ಸದ್ದು ಬರುತ್ತೆ. ಅವಳ ಲೆಕ್ಕಕ್ಕೆ ಅದು ಹಾವು."

ಪಳನಿ ಬ್ರೇಕ್ ಪೆಡಲನ್ನೂ ಕುದುರೆಯನ್ನೂ ಸರದಿಯಾಗಿ ನೋಡಿದ. "ಅಂದ್ರೆ ಇಷ್ಟು ದಿನ ಒಳ್ಳೇತನ ಮಾಡೋಕೆ ಹೋಗಿ ನಾನೇ ಹೆದರಿಸ್ತಿದ್ನಾ?"

ಒಳಗಿನಿಂದ ಯಾರೋ ಕೂಗಿದರು: "ನಾವು ಮೊದ್ಲಿಂದ ಹೇಳ್ತಿದ್ವಲ್ಲ, ನಿಲ್ಲಿಸ್ಬೇಡ ಅಂತ! ಕುದುರೆನೂ ನಮ್ ಪಾರ್ಟಿ!"

ಹೊಸಬರೇ, ಇದನ್ನು ಗಮನಿಸಿ. ಕುದುರೆಯ ಪಕ್ಕ ಭಾರೀ ಗಾಡಿ ನಿಲ್ಲುವುದು ಯಾವಾಗಲೂ ಉಪಕಾರವಲ್ಲ. ದೂರದಲ್ಲೇ ವೇಗ ಇಳಿಸಿ, ಅಗಲ ಬಿಟ್ಟು, ಒಂದೇ ಸಮನಾಗಿ ಸಾಗಿಹೋಗುವುದು ಉಪಕಾರ. ಪಳನಿ ಅಂದಿನಿಂದ ಸೆಕೆಂಡ್ ಗೇರಿನಲ್ಲಿ, ಬ್ರೇಕ್ ಮುಟ್ಟದೆ ಹೋಗುವುದನ್ನು ರೂಢಿಸಿಕೊಂಡ.

ಆದರೆ ಎಲ್ಲ ಲಾರಿಗೂ ಪಳನಿ ಡ್ರೈವರಲ್ಲವಲ್ಲ. ಕಾಡಿಗೆಗೆ ಆ ಸದ್ದು ಅಭ್ಯಾಸವಾಗಲೇಬೇಕಿತ್ತು. ಉಪಾಯ ಹೇಳಿದವನೂ ಅವನೇ. "ನಮ್ ಭಾವನ ಪಂಚರ್ ಅಂಗಡಿ ಇದೆ ಸಾರ್, ಮಾಚೇನಹಳ್ಳಿ ರಸ್ತೇಲಿ. ದಿನಾ ಗಾಳಿ ಪೈಪಲ್ಲಿ ಅದೇ ಪುಸ್ ಪುಸ್. ಕರ್ಕೊಂಡು ಬನ್ನಿ."

ಹೀಗೆ ನಾನು, ಮೇಡಂ ಇಬ್ಬರೂ ಸಂಜೆಯ ಹೊತ್ತು ಕಾಡಿಗೆಯನ್ನು ಪಂಚರ್ ಅಂಗಡಿಗೆ ನಡೆಸಿಕೊಂಡು ಹೋಗತೊಡಗಿದೆವು. ಮೊದಲ ದಿನ ರಸ್ತೆಯ ಆಚೆ ಬದಿ, ಬೇವಿನ ಮರದಡಿ. ಅಂಗಡಿಯವನು ಪೈಪಿನಿಂದ ಸ್ವಲ್ಪ ಗಾಳಿ ಬಿಡುವುದು. ಸದ್ದು ಬಂದ ಕೂಡಲೇ ಮೇಡಂ ಅವಳ ಬಾಯಿಗೆ ಒಂದು ಹಿಡಿ ನೆನೆಸಿದ ಹುರುಳಿ ಕೊಡುವುದು. ಸದ್ದಿಲ್ಲದಿದ್ದರೆ ಹುರುಳಿಯೂ ಇಲ್ಲ. ಆಕೆ ಶಾಂತವಾಗಿದ್ದರೆ ಮರುದಿನ ಕೆಲವು ಹೆಜ್ಜೆ ಹತ್ತಿರ. ಮೈ ಬಿಗಿದರೆ ಮತ್ತೆ ಹಿಂದೆ. ಅಕ್ಕಪಕ್ಕದ ವರ್ಕ್‌ಶಾಪಿನವರಿಗೆಲ್ಲ ಇದು ಸಿನಿಮಾ. "ಏನ್ರೀ ಮೇಡಂ, ಹಿಂದಿನ ಟೈರಾ ಮುಂದಿನ ಟೈರಾ?" "ದಫೇದಾರ್ ಸಾರ್, ಕುದುರೆಗೆ ಎಷ್ಟು ಪಾಯಿಂಟ್ ಗಾಳಿ?" ಮೇಡಂ ಬಿಡುವವರಲ್ಲ: "ನಿಮ್ ತಲೇಲಿ ಇರೋಷ್ಟು ಬೇಡ ಕಣ್ರೀ, ಕಮ್ಮಿ ಸಾಕು!"

ದೀಪಾವಳಿಯ ಹೊತ್ತಿಗೆ ಕಾಡಿಗೆ ಅಂಗಡಿಯ ಬಾಗಿಲಿಗೇ ಬಂದು ನಿಂತು, ಗಾಳಿ ಬಿಡದಿದ್ದರೆ ಪೈಪನ್ನು ತಾನೇ ಮೂತಿಯಿಂದ ನೂಕುವಷ್ಟಾಗಿದ್ದಳು. ಶಿವಲಿಂಗಪ್ಪನವರಿಗೆ ಹೇಳಿದೆ. ಅವರು ನಂಬಲಿಲ್ಲ. "ಪಂಚರ್ ಅಂಗಡಿ ಬೇರೆ, ರಸ್ತೆ ಬೇರೆ. ಸೋಮವಾರ ನಾನೇ ನೋಡ್ತೀನಿ." ಈ ಸೋಮವಾರದ ಸುದ್ದಿ ನನ್ನಿಂದ ಪಳನಿಗೆ ಹೋಯಿತು, ಪಳನಿಯಿಂದ ರಸ್ತೆಗೆಲ್ಲ ಹೋಯಿತು.

ಈಗ ಆ ಸೋಮವಾರಕ್ಕೆ ಬರುತ್ತೇನೆ.

ಹೊರಟೆವು. ಸರದಾರನ ಮೇಲೆ ನಾನು ರಸ್ತೆಯ ಕಡೆ, ಕಾಡಿಗೆಯ ಮೇಲೆ ಮೇಡಂ ಮಣ್ಣಿನ ಕಡೆ. ಹಿಂದೆ ಅಷ್ಟು ದೂರದಲ್ಲಿ ಮಾಲೀಕರ ಜೀಪು. ಹಾಲಿನವರು ದಾಟಿದರು, ಟ್ರ್ಯಾಕ್ಟರಿನವನು ಹಾಡು ಇಳಿಸಿ ದಾಟಿದ. ಕಾಡಿಗೆ ಚೆನ್ನಾಗಿ ನಡೆದಳು. ಭದ್ರಾವತಿಗೆ ಸಮೀಪದ ರೈಲ್ವೆ ಗೇಟಿನ ಬಳಿ ಬಂದಾಗ ಗೇಟು ಮುಚ್ಚಿತ್ತು.

ಇದು ನನ್ನ ಲೆಕ್ಕದಲ್ಲಿ ಇರಲಿಲ್ಲ. ಆ ಹೊತ್ತಿಗೆ ರೈಲು ಹೋಗಿ ಆಗಿರಬೇಕಿತ್ತು. ಅದಕ್ಕೆಂದೇ ಆರು ಗಂಟೆಗೆ ಹೊರಡುತ್ತಿದ್ದದ್ದು. ಅಂದು ರೈಲು ತಡ. ನಮ್ಮ ಕಡೆಯ ರೈಲ್ವೆ ಗೇಟು ಹೇಗಿರುತ್ತದೆ ಎಂದು ನಿಮಗೆ ಗೊತ್ತು. ಹೋಗುವವರು, ಬರುವವರು ಇಬ್ಬರೂ ರಸ್ತೆಯ ಪೂರ್ತಿ ಅಗಲಕ್ಕೆ ತುಂಬಿಕೊಂಡು ಎದುರುಬದುರು ನಿಲ್ಲುತ್ತಾರೆ. ಗೇಟು ಎದ್ದೊಡನೆ ಎಲ್ಲ ಎಂಜಿನ್ನುಗಳೂ ಒಟ್ಟಿಗೆ ಗುಡುಗಿ, ಎಲ್ಲ ಹಾರನ್ನುಗಳೂ ಒಟ್ಟಿಗೆ ಕೂಗಿ, ಎರಡು ಸೈನ್ಯಗಳು ನಡುವಿನಲ್ಲಿ ಸಿಕ್ಕಿಕೊಳ್ಳುತ್ತವೆ. ಹಿಂದಕ್ಕೆ ತಿರುಗೋಣವೆಂದರೆ ಹಿಂದೆಯೂ ಗಾಡಿಗಳು ತುಂಬಿದ್ದವು. ನಾವು ಮುಂದಿನ ಸಾಲಿನಲ್ಲಿ ಸಿಕ್ಕಿಕೊಂಡಿದ್ದೆವು.

ಮೇಡಂ ಮೆಲ್ಲಗೆ ಕೇಳಿದರು: "ಸರ್, ಇಳಿದು ಹಿಡ್ಕೊಳ್ಲಾ?"

"ಬೇಡ. ಇಳಿದ್ರೆ ಅವಳಿಗೆ ಏನೋ ಆಗುತ್ತೆ ಅಂತ ಗೊತ್ತಾಗುತ್ತೆ. ಪಂಚರ್ ಅಂಗಡಿ ಮುಂದೆ ನಿಂತಿದ್ದೀವಿ ಅಂದ್ಕೊಳ್ಳಿ."

ಗೇಟಿನ ಆಚೆ ಮುಂದಿನ ಸಾಲಿನಲ್ಲಿ, ಅಂದು ಹುಣಸೆಮರದ ಬಳಿ ಸಿಕ್ಕದಿದ್ದ ಹಳದಿ ಬಸ್ಸು ಕಂಡಿತು. ಪಳನಿ ನಮ್ಮನ್ನು ನೋಡಿದ. ನಮ್ಮ ಹಿಂದಿನ ಜೀಪನ್ನೂ ನೋಡಿದ. ಬಸ್ಸಿನ ಎಂಜಿನ್ ಆಫ್ ಮಾಡಿ ಇಳಿದ. ಪಕ್ಕದ ಲಾರಿಯ ಬಾಗಿಲು ತಟ್ಟಿದ, ಮುಂದೆ ಕಾರಿನ ಕಿಟಕಿಗೆ ಬಗ್ಗಿದ, ಟೆಂಪೋದವನಿಗೆ ಏನೋ ಹೇಳಿದ. ಕೇಳಿಸುತ್ತಿರಲಿಲ್ಲ, ಕೈ ಮಾತ್ರ ಕಾಣುತ್ತಿತ್ತು. ಅಂಗೈ ಕೆಳಗೆ, ಮಗುವಿಗೆ ತಟ್ಟುವಂತೆ. ಅವನು ತಟ್ಟಿದಲ್ಲೆಲ್ಲ ಒಂದೊಂದು ಎಂಜಿನ್ ನಿಂತಿತು. ರಾತ್ರಿ ಪಾಳಿಯ ಕೆಲಸಗಾರರೂ ಇಬ್ಬರು ಇಳಿದು ಬಂದು, ಸ್ಕೂಟರಿನವರನ್ನೆಲ್ಲ ಪಕ್ಕಕ್ಕೆ ಸರಿಸಿ, ನಡುವೆ ಎರಡು ಕುದುರೆ ಹೋಗುವಷ್ಟು ಓಣಿ ಬಿಡಿಸಿದರು. ನಿದ್ದೆಗೆ ಮನೆಗೆ ಓಡಬೇಕಾದವರು.

ನಮ್ಮ ಬದಿಯಲ್ಲಿ ದಿಮ್ಮಿ ಲಾರಿಯಿಂದ ಬಸಣ್ಣ ಅದಾಗಲೇ ಇಳಿದಿದ್ದ. "ಆಫ್ ಮಾಡ್ರಪ್ಪ, ಆಫ್ ಮಾಡಿ! ಹೆಣ್ಮಗಳು ಕುದುರೆ ಮೇಲಿದಾರೆ. ಒಂದ್ನಿಮಿಷಕ್ಕೆ ನಿಮ್ ಡೀಸೆಲ್ಲೂ ಉಳಿಯುತ್ತೆ!"

ರೈಲು ಬಂದಿತು, ಹೋಯಿತು. ಕಾಡಿಗೆ ಹಿಂದಕ್ಕೆ ಸರಿದಳು, ಬೆವರಿದಳು, ನಿಂತಳು. ಗೇಟಿನವರು ಚಕ್ರ ತಿರುಗಿಸಿದರು. ಗೇಟು ಮೇಲೆದ್ದಿತು. ಒಂದು ಗಾಡಿಯೂ ಕದಲಲಿಲ್ಲ. ಆ ರಸ್ತೆಯಲ್ಲಿ, ಆ ಗೇಟಿನಲ್ಲಿ, ಹಕ್ಕಿಗಳ ಸದ್ದು ಕೇಳಿಸಿತು. "ನಡೀರಿ ಮೇಡಂ" ಎಂದೆ.

ನಾವು ಹಳಿಯ ಮೇಲೆ ಕಾಲಿಡುವಷ್ಟರಲ್ಲಿ, ಆ ನಿಶ್ಶಬ್ದದ ನಡುವೆ, ಬೆನ್ನ ಹಿಂದೆಯೇ ಒಂದು ಹಾರನ್. ಉದ್ದಕ್ಕೆ, ಎರಡು ಸಲ. ಗೇಟು ಎದ್ದ ಕೂಡಲೇ ಕೈ ತಾನಾಗಿ ಹಾರನ್ ಮೇಲೆ ಹೋಗುವ ಅಭ್ಯಾಸ. ಜೀಪು ಶಿವಲಿಂಗಪ್ಪನವರದು.

ಕಾಡಿಗೆಯ ಬೆನ್ನು ಬಿಲ್ಲಿನಂತೆ ಬಾಗಿತು. ಅಡ್ಡಕ್ಕೆ ಒಂದು ಹೆಜ್ಜೆ ಹಾಕಿದಳು. ಮೇಡಂ ಲಗಾಮು ಎಳೆಯಲಿಲ್ಲ. ಎಳೆದಿದ್ದರೆ ಅಲ್ಲಿಗೆ ಮುಗಿದಿತ್ತು. ಕೈ ಮುಂದೆ ಬಿಟ್ಟು, ಕತ್ತು ಸವರಿ, "ಹುರುಳಿ ಕೊಡ್ತೀನಿ ಬಾರೇ" ಎಂದರು. ಕಾಡಿಗೆಯ ಒಂದು ಕಿವಿ ಹಿಂದೆ ತಿರುಗಿ ಅವರ ಮಾತು ಕೇಳಿತು. ಮತ್ತೆ ನೆಟ್ಟಗೆ ನಿಂತು, ಸರದಾರನ ಭುಜಕ್ಕೆ ಭುಜ ಸೇರಿಸಿ, ಹಳಿ ದಾಟಿ, ಆ ಓಣಿಯ ನಡುವೆ ನಡೆದುಹೋದಳು. ಹಿಂದೆ ಬಸಣ್ಣನ ಗಂಟಲು ಕೇಳುತ್ತಿತ್ತು: "ಯಾರ್ರೀ ಅದು ಜೀಪಲ್ಲಿ? ಕಣ್ಣು ಕಾಣಲ್ವಾ? ಕುದುರೆ ಹೋಗ್ತಿರೋದು ಗೊತ್ತಾಗಲ್ವಾ? ಯಾವೂರ್ರೀ ನಿಮ್ದು?"

ನ್ಯೂ ಟೌನಿನ ಮರದ ನೆರಳಿನಲ್ಲಿ ಕುದುರೆಗಳಿಗೆ ನೀರು ಕುಡಿಸುತ್ತಿದ್ದಾಗ ಜೀಪು ಬಂದು ನಿಂತಿತು. ಶಿವಲಿಂಗಪ್ಪನವರು ಇಳಿದರು. ಕಾಡಿಗೆಯ ಹತ್ತಿರ ಬಂದರು.

"ಆ ಲಾರಿಯವನು ನನ್ನ ಬೈದದ್ದು ಕೇಳಿಸ್ತಾ ದಫೇದಾರ್ರೆ?"

"ಕೇಳಿಸ್ತು."

"ಕುದುರೆ ಮಾಲೀಕರೇ ಇವರು ಅಂತ ಹೇಳಬಾರದಿತ್ತಾ?"

"ಹೇಳಿದ್ರೆ ಇನ್ನೂ ಎರಡು ಬೈತಿದ್ದ."

ಅವರು ನಗಲಿಲ್ಲ. ಮೇಡಂ ಕಡೆ ತಿರುಗಿ, "ಅಲ್ಲಮ್ಮ, ಅಡ್ಡ ಹಾರಿದ್ರೆ ಅಂತ ನಾನು ಹೇಳಿದ್ದು ಅವಳಿಗೆ" ಎಂದರು. "ಹಾರಿದ್ದು ನಾನೇ. ಜಟಕಾದವನಿಗೆ ಬರಬೇಡ ಅಂತ ಹೇಳಿ ಕಳಿಸ್ತೀನಿ." ವಾಪಸ್ಸು ಬರುವಾಗ ಜೀಪು ನಮ್ಮ ಮುಂದೆ ಹೋಯಿತು, ಹಿಂದೆ ಅಲ್ಲ.

ಮಧ್ಯಾಹ್ನ ಮೆಹಬೂಬ್ ಸಾಬರು ಬಂದರು. ಕಾಡಿಗೆಯ ಲಾಳ ಬದಲಿಸುವ ಸರದಿ ಅಂದೇ ಬಿದ್ದಿತ್ತು. ಕಿತ್ತ ಲಾಳಗಳನ್ನು ನಾನು ಮರಳಿನಲ್ಲಿ ಉಜ್ಜಿ ತೊಳೆದೆ. ಒಂದನ್ನು ಬಸಣ್ಣ ಬಂದು ಎರಡೂ ಕೈಯಲ್ಲಿ ತೆಗೆದುಕೊಂಡು ಹೋದ. ಇನ್ನೊಂದನ್ನು ಸಂಜೆ ನಾನೇ ಸೈಕಲ್ಲಿನಲ್ಲಿ ಪಂಚರ್ ಅಂಗಡಿಗೆ ಒಯ್ದೆ. ಪಳನಿ ಎರಡನೆಯ ಪಾಳಿಯ ಟ್ರಿಪ್ಪು ಮುಗಿಸಿ ಬಸ್ಸನ್ನು ಅಲ್ಲಿ ನಿಲ್ಲಿಸಿದ್ದ.

ಲಾಳವನ್ನು ಕಣ್ಣಿಗೊತ್ತಿಕೊಂಡ. ನಾನು ತಂತಿ ಹಿಡಿದು ಬಸ್ಸಿನ ಮುಂಭಾಗಕ್ಕೆ ಹೋದೆ.

"ಅಲ್ಲಿ ಬೇಡ ಸಾರ್."

"ಎಲ್ಲರೂ ಅಲ್ಲೇ ಅಲ್ವಾ ಕಟ್ಟೋದು?"

"ತೂಗಾಡಿ ಟಣ್ ಟಣ್ ಅನ್ನುತ್ತೆ. ನಾಳೆ ಅದಕ್ಕೆ ಹೆದರಿದ್ರೆ? ಮತ್ತೆ ನಾನು ಯಾವ ಅಂಗಡಿ ಹುಡುಕ್ಲಿ?"

ಅವನು ಹಳೆಯ ಟ್ಯೂಬಿನಿಂದ ಲಾಳದ ಅಳತೆಗೆ ಒಂದು ರಬ್ಬರ್ ತುಂಡು ಕತ್ತರಿಸಿದ. ಅದನ್ನು ಬಸ್ಸಿನ ಒಳಗೆ, ತನ್ನ ಸೀಟಿನ ಎದುರು, ಸ್ಟೀರಿಂಗಿನ ಪಕ್ಕದ ಹಲಗೆಯ ಮೇಲಿಟ್ಟು ಅದರ ಮೇಲೆ ಲಾಳ ಕೂರಿಸಿ ಹಿಡಿದ. ಹೊರಗಿನವರಿಗೆ ಅದು ಕಾಣುವ ಜಾಗವಲ್ಲ. ಮೊಳೆಯ ತೂತುಗಳಲ್ಲೇ ಸ್ಕ್ರೂ ಇಟ್ಟು ನಾನು ಒಂದೊಂದಾಗಿ ತಿರುಗಿಸಿದೆ. ಕೊನೆಯದನ್ನು ಬಿಗಿ ಮಾಡಿ, ಬೆರಳಿನಿಂದ ಲಾಳವನ್ನು ಅಲುಗಿಸಿ ನೋಡಿದೆ. ಸದ್ದು ಬರಲಿಲ್ಲ. ಸ್ಕ್ರೂಡ್ರೈವರನ್ನು ಅಂಗಡಿಯವನಿಗೆ ಹಿಂದಿರುಗಿಸಿ ಸೈಕಲ್ ಹತ್ತಿದೆ.